ದೇವಾಲಯದ ಬಾಗಿಲು ಮತ್ತು ಭಕ್ತರ ಭಾವನೆ: ಧರ್ಮಸ್ವಾತಂತ್ರ್ಯವನ್ನು ಕುರಿತ ಎರಡು ತೀರ್ಪುಗಳ ವಿಮರ್ಶೆ

ಧರ್ಮಸ್ವಾತಂತ್ರ್ಯವನ್ನು ಕುರಿತು ಭಾರತದ ಸರ್ವೋಚ್ಚ ನ್ಯಾಯಾಲಯವು ಕೊಟ್ಟಿರುವ ತೀರ್ಪುಗಳಲ್ಲಿ ಕನ್ನಡನಾಡಿನ ನೆಲದಲ್ಲಿ ಹುಟ್ಟಿದ ವ್ಯಾಜ್ಯಗಳಿಗೆ ಸಂಬಂಧಿಸಿದವು ಕೆಲವಿವೆ. ಅವುಗಳಲ್ಲಿ ಎರಡನ್ನು ಒಂದರ ಮಗ್ಗುಲಲ್ಲಿ ಇನ್ನೊಂದನ್ನಿಟ್ಟು ಪರಿಶೀಲಿಸಬೇಕೆಂಬುದು ಈ ಲೇಖನದ ಉದ್ದೇಶ. ಒಂದು, ದಕ್ಷಿಣ ಕನ್ನಡ ಜಿಲ್ಲೆಯ ಮೂಲ್ಕಿಯಲ್ಲಿರುವ ವೆಂಕಟರಮಣ ದೇವಾಲಯದ ಪ್ರವೇಶವನ್ನು ಕುರಿತದ್ದು. 1957ನೆಯ ಇಸವಿ ನವೆಂಬರ್ 8ರಂದು ಹೊರಬಿದ್ದದ್ದು. ಇನ್ನೊಂದು, ಪಿ. ವಿ. ನಾರಾಯಣ ಅವರ ‘ಧರ್ಮಕಾರಣ’ ಎಂಬ ಕಾದಂಬರಿಯನ್ನು ರಾಜ್ಯ ಸರ್ಕಾರವು ಮುಟ್ಟುಗೋಲು ಹಾಕಿಕೊಂಡುದನ್ನು ಕುರಿತದ್ದು. 2007ನೆಯ ಇಸವಿ ಮೇ 2ರಂದು ಹೊರಬಿದ್ದದ್ದು. ಇವೆರಡರ ನಡುವೆ ಅರ್ಧ ಶತಮಾನದ ಅಂತರವಿದೆ. ವಿಷಯಗಳೂ ಮೇಲುನೋಟಕ್ಕೆ ಬೇರೆ ಬೇರೆಯವೇ: ಒಂದರಲ್ಲಿ ಧರ್ಮಕ್ಕೂ ಸಮಾನತೆಗೂ ಘರ್ಷಣೆ, ಇನ್ನೊಂದರಲ್ಲಿ ಧರ್ಮಶ್ರದ್ಧೆಗೂ ವಾಕ್ಸ್ವಾತಂತ್ರ್ಯಕ್ಕೂ ಘರ್ಷಣೆ. ಆದರೆ ಎರಡೂ ಕಡೆ ನ್ಯಾಯಪೀಠದ ಮುಂದಿದ್ದ ತೊಡಕು ಒಂದೇ ಎಂದೂ, ಮೊದಲನೆಯ ಪೀಠವು ಕಂಡುಕೊಂಡಿದ್ದ ದಾರಿಯನ್ನು ಎರಡನೆಯದು ತುಳಿಯಲಿಲ್ಲವೆಂದೂ ನಮಗೆ ತೋರುತ್ತದೆ.

ತೀರ್ಪುಗಳ ಗುಣದೋಷ ವಿವೇಚನೆ ನ್ಯಾಯವಾದಿಗಳಿಗೆ ಮೀಸಲಾದ ಕೆಲಸವಲ್ಲವೆ, ಭಾಷಾಸಾಹಿತ್ಯಗಳ ಅಧ್ಯಯನದಲ್ಲಿ ನಿರತರಾದ ನಮಗೇಕೆ ಆ ಗೊಡವೆ ಎಂದು ಕೆಲವರು ಕೇಳಬಹುದು. ತೀರ್ಪೂ ಒಂದು ಬರೆಹವೇ. ಶಬ್ದಗಳ ಅರ್ಥವನ್ನು ನಿಶ್ಚಯಿಸುವುದೇ ಅದರ ಮುಖ್ಯ ವ್ಯಾಪಾರ. ‘ಧರ್ಮ’, ‘ಪಂಥ’, ‘ಭಾವನೆ’, ‘ಅವಹೇಳನ’ ಎಂಬ ಶಬ್ದಗಳನ್ನು ನಾವು ತರಗತಿಯಲ್ಲಿ ದಿನವೂ ಬಳಸುತ್ತೇವೆ. ಇದೇ ಶಬ್ದಗಳು ನ್ಯಾಯಾಲಯದಲ್ಲಿ ಒಬ್ಬನನ್ನು ಗುಡಿಯೊಳಕ್ಕೆ ಬಿಡಿಸುತ್ತವೆ, ಇನ್ನೊಬ್ಬನ ಪುಸ್ತಕವನ್ನು ಅಂಗಡಿಯಿಂದ ತೆಗೆಸುತ್ತವೆ. ಅವುಗಳ ಪ್ರಯೋಗ ಹೇಗಾಗಿದೆಯೆಂದು ನೋಡುವ ಅಧಿಕಾರ ನಮಗೂ ಉಂಟು.

ಮೊದಲು ಮೂಲ್ಕಿಯ ಸಂಗತಿ. ಈ ದೇವಾಲಯವನ್ನು ಸ್ಥಾಪಿಸಿದವರು ಗೌಡಸಾರಸ್ವತ ಬ್ರಾಹ್ಮಣರು. ಅದರ ಆಡಳಿತ ಅವರ ಕೈಯಲ್ಲಿಯೇ ನಡೆದುಬಂದಿತ್ತು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು. 1947ರಲ್ಲಿ ಆ ಪ್ರಾಂತದಲ್ಲಿ ದೇವಾಲಯ ಪ್ರವೇಶದ ಕಾನೂನು ಜಾರಿಗೆ ಬಂದು, ಅದುವರೆಗೆ ಹೊರಗಿಡಲ್ಪಟ್ಟಿದ್ದ ಜಾತಿಗಳವರಿಗೆ ಹಿಂದೂ ದೇವಾಲಯಗಳ ಬಾಗಿಲು ತೆರೆಯಿತು. ತಮ್ಮ ದೇವಾಲಯಕ್ಕೆ ಈ ಕಾನೂನು ಅನ್ವಯಿಸದೆಂದು ಧರ್ಮದರ್ಶಿಗಳು ಸರ್ಕಾರವನ್ನು ಕೇಳಿಕೊಂಡರು, ಸರ್ಕಾರ ಒಪ್ಪಲಿಲ್ಲ. 1949ರಲ್ಲಿ ದಾವೆ ಹೂಡಿದರು. ವ್ಯಾಜ್ಯವು ಕೆಳಗಿನ ನ್ಯಾಯಾಲಯವನ್ನೂ ಮದರಾಸಿನ ಹೈಕೋರ್ಟನ್ನೂ ಹಾದು ದೆಹಲಿಯನ್ನು ಮುಟ್ಟುವ ವೇಳೆಗೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿಹೋಗಿತ್ತು. ಆದಕಾರಣ ಮದರಾಸಿನ ಶಾಸನವನ್ನು ಪ್ರಶ್ನಿಸಿದ ಈ ಮೊಕದ್ದಮೆಯಲ್ಲಿ ಪ್ರತಿವಾದಿಯಾಗಿ ನಿಂತದ್ದು ಮೈಸೂರು ಸರ್ಕಾರ. ಚರಿತ್ರೆಯ ಇಂಥ ಚಿಕ್ಕ ವಿನೋದಗಳು ಕಾನೂನಿನ ಗ್ರಂಥಗಳಲ್ಲಿ ಅಪರೂಪವಲ್ಲ.

ಧರ್ಮದರ್ಶಿಗಳ ವಾದ ದುರ್ಬಲವಾದುದಾಗಿರಲಿಲ್ಲ. ಸಂವಿಧಾನದ 26ನೆಯ ವಿಧಿಯು ಪ್ರತಿಯೊಂದು ಧಾರ್ಮಿಕ ಪಂಥಕ್ಕೂ ಧರ್ಮದ ವಿಷಯಗಳಲ್ಲಿ ತನ್ನ ವ್ಯವಹಾರವನ್ನು ತಾನೇ ನಡಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ಗೌಡಸಾರಸ್ವತರು ಒಂದು ಪಂಥ. ಈ ಗುಡಿ ಅವರದು. ಗುಡಿಯೊಳಗೆ ಯಾರು ಎಲ್ಲಿಯವರೆಗೆ ಬರಬಹುದೆಂಬುದು ಆಗಮಶಾಸ್ತ್ರಗಳು ನಿರ್ಣಯಿಸುವ ವಿಷಯವಾದುದರಿಂದ ಅದು ಧರ್ಮದ ವಿಷಯವೇ. ಆದುದರಿಂದ ಸರ್ಕಾರಕ್ಕೆ ಅಲ್ಲಿ ಕೈಯಿಡುವ ಅಧಿಕಾರವಿಲ್ಲ. ಎದುರಿಗೆ 25ನೆಯ ವಿಧಿಯ ಒಂದು ಉಪವಾಕ್ಯವಿತ್ತು. ಸಾರ್ವಜನಿಕ ಸ್ವರೂಪದ ಹಿಂದೂ ಧಾರ್ಮಿಕ ಸಂಸ್ಥೆಗಳನ್ನು ಹಿಂದೂಗಳ ಎಲ್ಲ ವರ್ಗಗಳಿಗೂ ತೆರೆಯುವಂಥ ಕಾನೂನನ್ನು ಮಾಡಲು ರಾಜ್ಯಕ್ಕೆ ಅದು ಅಧಿಕಾರ ಕೊಟ್ಟಿದೆ. ಎರಡು ವಿಧಿಗಳೂ ಒಂದೇ ಸಂವಿಧಾನದವು, ಅಕ್ಕಪಕ್ಕದವು. ಯಾವುದು ಯಾವುದಕ್ಕೆ ಬಾಗಬೇಕು?

ನ್ಯಾಯಮೂರ್ತಿ ವೆಂಕಟರಾಮ ಅಯ್ಯರ್ ಅವರು ಬರೆದ ತೀರ್ಪಿನ ಸೊಗಸು ಇರುವುದು ಇಲ್ಲಿಯೇ. ಧರ್ಮದರ್ಶಿಗಳು ಹೇಳಿದ್ದರಲ್ಲಿ ಬಹುಭಾಗವನ್ನು ಅವರು ಒಪ್ಪಿಕೊಂಡುಬಿಡುತ್ತಾರೆ. ದೇವಾಲಯ ಸಾರ್ವಜನಿಕ ಸ್ವರೂಪದ್ದೆಂದು ಹೇಳಿದರೂ, ಅದು ಪಂಥಕ್ಕೆ ಸೇರಿದ್ದೆಂಬುದನ್ನು ಒಪ್ಪುತ್ತಾರೆ. ಪ್ರವೇಶಾಧಿಕಾರವು ಧರ್ಮದ ವಿಷಯವೆಂಬುದನ್ನೂ ಒಪ್ಪುತ್ತಾರೆ. ‘ಅನ್ಯಜಾತಿಯವರನ್ನು ಹೊರಗಿಡುವುದು ನಿಜವಾದ ಹಿಂದೂ ಧರ್ಮವಲ್ಲ, ಅದು ನಡುವೆ ಬಂದು ಸೇರಿದ ಮೂಢನಂಬಿಕೆ’ ಎಂದು ಹೇಳಿ ತಪ್ಪಿಸಿಕೊಳ್ಳುವ ಸುಲಭವಾದ ದಾರಿ ಅವರಿಗಿತ್ತು. ಆ ದಾರಿಯನ್ನು ಅವರು ಹಿಡಿಯಲಿಲ್ಲ. ನಿಮ್ಮ ನಂಬಿಕೆ ನಿಮ್ಮ ಧರ್ಮವೇ ಹೌದು, ಆದರೂ ಬಾಗಿಲು ತೆರೆಯಬೇಕು. ಏಕೆಂದರೆ ಪಂಥದ ಹಕ್ಕನ್ನು 25ನೆಯ ವಿಧಿಯ ಆ ಉಪವಾಕ್ಯಕ್ಕೆ ಒಳಪಟ್ಟದ್ದೆಂದೇ ಓದಬೇಕು ಎಂದರು. ಅನಂತರ, ಗೌಡಸಾರಸ್ವತರಿಗೇ ಮೀಸಲಾದ ಕೆಲವು ವಿಶೇಷ ಸೇವಾಸಂದರ್ಭಗಳಲ್ಲಿ ಇತರರನ್ನು ಹೊರಗಿಡಬಹುದೆಂದು ಹೈಕೋರ್ಟು ಮಾಡಿದ್ದ ಏರ್ಪಾಡನ್ನು ಉಳಿಸಿದರು. ಅದಕ್ಕೆ ಅವರು ಕೊಟ್ಟ ಅಳತೆಗೋಲು ಇದು: ಆ ಸಂದರ್ಭಗಳನ್ನು ಬಿಟ್ಟ ಮೇಲೆ ಸಾರ್ವಜನಿಕರಿಗೆ ಉಳಿಯುವ ಪೂಜಾಧಿಕಾರವು ಸಾರವುಳ್ಳದ್ದಾಗಿರಬೇಕು.

ಈ ತೀರ್ಪಿಗೆ ಮೂರು ವರ್ಷ ಹಿಂದೆ, 1954ರಲ್ಲಿ, ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಮುಖರ್ಜಿಯವರು ಒಂದು ಸೂತ್ರವನ್ನು ಹೇಳಿದ್ದರು: ಒಂದು ಧರ್ಮಕ್ಕೆ ಅತ್ಯಗತ್ಯವಾದ ಅಂಗ ಯಾವುದೆಂಬುದನ್ನು ಆ ಧರ್ಮದ ತತ್ತ್ವಗಳಿಂದಲೇ ನಿರ್ಣಯಿಸಬೇಕು. ಪರ್ಯಾಯದ ವೆಚ್ಚದಿಂದ ಸಾಲಕ್ಕೆ ಸಿಕ್ಕಿದ ಒಂದು ಮಠದ ಆಡಳಿತದಿಂದ ಹೊರಟ ಆ ಸೂತ್ರವು ಮುಂದೆ ದೇಶದ ಧರ್ಮಸಂಬಂಧವಾದ ನ್ಯಾಯನಿರ್ಣಯವನ್ನೆಲ್ಲ ಆಳಿತು. ಅದು ಮೂಲದಲ್ಲಿ ಧರ್ಮಗಳಿಗೆ ಆಸರೆಯಾಗಿ ಬಂದದ್ದು. 1961ರ ಅಜ್ಮೀರ್ ದರ್ಗಾ ಸಮಿತಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್‌ಕರ್ ಅವರು, ಧರ್ಮದ ಆಚರಣೆಗಳೆನಿಸಿಕೊಂಡವುಗಳಲ್ಲಿ ಕೆಲವು ಬರಿಯ ಮೂಢನಂಬಿಕೆಯಿಂದ ಹುಟ್ಟಿ ಹೊರಗಿನಿಂದ ಬಂದು ಅಂಟಿಕೊಂಡವಾಗಿರಬಹುದು, ಅಂಥವಕ್ಕೆ ರಕ್ಷಣೆಯಿಲ್ಲ ಎಂದ ಮೇಲೆ, ಜಳ್ಳು ಯಾವುದು ಕಾಳು ಯಾವುದು ಎಂದು ತೂರುವ ಮೊರವು ನ್ಯಾಯಾಧೀಶರ ಕೈಗೆ ಬಂದಿತು. ಧರ್ಮಶಾಸ್ತ್ರವನ್ನೋ ಹದೀಸನ್ನೋ ಆಳವಾಗಿ ಓದುವುದು ಅವರ ವೃತ್ತಿಯಲ್ಲ. ಮೂಲ್ಕಿಯ ತೀರ್ಪಿಗೆ ಈ ಮೊರವೇ ಬೇಕಾಗಲಿಲ್ಲ. ‘ಇದು ನಿಜವಾದ ಧರ್ಮವೋ ಅಲ್ಲವೋ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ‘ಬಾಗಿಲಿನ ಹೊರಗೆ ನಿಂತಿರುವವನು ಯಾರು, ಅವನು ಕಳೆದುಕೊಳ್ಳುತ್ತಿರುವುದೇನು’ ಎಂದು ಅದು ಕೇಳಿತು. ಆ ತೀರ್ಪಿನ ಹಿರಿಮೆಯಿರುವುದು ಈ ಪ್ರಶ್ನೆಯಲ್ಲಿ.

ಕೊರತೆಯಿಲ್ಲವೆಂದಲ್ಲ. ಅಸ್ಪೃಶ್ಯತೆಯನ್ನು ನಿರ್ಮೂಲಗೊಳಿಸಿದ 17ನೆಯ ವಿಧಿಯು ಪಕ್ಕದಲ್ಲಿಯೇ ಇದ್ದರೂ ಪೀಠವು ತನ್ನ ನಿರ್ಣಯವನ್ನು ಅದರ ಮೇಲೆ ನಿಲ್ಲಿಸಲಿಲ್ಲ. ಬಾಗಿಲು ತೆರೆದದ್ದು ಹೊರಗಿದ್ದವನ ಮಾನುಷ ಘನತೆಯ ಹೆಸರಿನಲ್ಲಿ ಅಲ್ಲ, ರಾಜ್ಯಕ್ಕೆ ಕೊಟ್ಟ ಒಂದು ಅಧಿಕಾರದ ಹೆಸರಿನಲ್ಲಿ. ಹುಟ್ಟಿನಿಂದ ಬರುವ ಭೇದವು ವಿಶೇಷ ಸೇವೆಗಳ ಹೆಸರಿನಲ್ಲಿ ಒಳಗೆ ಉಳಿದುಕೊಂಡಿತು. ‘ಸಾರವುಳ್ಳದ್ದು’ ಎಂಬ ಅಳತೆಯೂ ಹಿಗ್ಗಿಸಿದರೆ ಹಿಗ್ಗುವ, ಕುಗ್ಗಿಸಿದರೆ ಕುಗ್ಗುವ ಅಳತೆಯೇ.

ಆ ಕೊರತೆಯ ಫಲವು ಐದು ವರ್ಷಗಳೊಳಗೆ ಕಾಣಿಸಿಕೊಂಡಿತು. ಧಾರ್ಮಿಕ ಬಹಿಷ್ಕಾರವನ್ನು ನಿಷೇಧಿಸಿ ಮುಂಬಯಿ ರಾಜ್ಯವು 1949ರಲ್ಲಿ ಮಾಡಿದ್ದ ಕಾನೂನನ್ನು ದಾವೂದಿ ಬೋಹರಾ ಪಂಥದ ಮುಖ್ಯಗುರುಗಳು ಪ್ರಶ್ನಿಸಿದಾಗ, 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಲ್ವರ ಬಹುಮತದಿಂದ ಆ ಕಾನೂನನ್ನೇ ಅಸಿಂಧುಗೊಳಿಸಿತು. ಪಂಥದ ಶಿಸ್ತನ್ನು ಕಾಯಲು ಬಹಿಷ್ಕರಿಸುವ ಅಧಿಕಾರ ಗುರುವಿಗಿರಬೇಕೆಂಬುದು ಬಹುಮತದ ಅಭಿಪ್ರಾಯ. ಮುಖ್ಯ ನ್ಯಾಯಮೂರ್ತಿ ಸಿನ್ಹಾ ಅವರೊಬ್ಬರೇ ಭಿನ್ನಮತ ತಾಳಿದರು. ಬಹಿಷ್ಕೃತನಾದವನು ಸಮುದಾಯದ ಪೂಜಾಸ್ಥಾನವನ್ನೂ ಸ್ಮಶಾನವನ್ನೂ ಕಳೆದುಕೊಂಡು ತನ್ನವರಲ್ಲಿಯೇ ಅಸ್ಪೃಶ್ಯನಂತಾಗುತ್ತಾನೆಂಬುದು ಅವರ ದೃಷ್ಟಿಗೆ ಬಿದ್ದಿತು. ಮೂಲ್ಕಿಯ ಪೀಠವು ಕೇಳಿದ್ದ ಪ್ರಶ್ನೆಯನ್ನು ಇಲ್ಲಿ ಕೇಳಿದವರು ಅವರೊಬ್ಬರೇ ಎಂದು ಹೇಳಬೇಕಾಗಿದೆ. ಶಬರಿಮಲೆಯ 2018ರ ತೀರ್ಪಿನ ಮರುಪರಿಶೀಲನೆಯ ಸಂದರ್ಭದಲ್ಲಿ, 2019ರಲ್ಲಿ, ಈ ಮೂಲಪ್ರಶ್ನೆಗಳನ್ನು ಇನ್ನೂ ದೊಡ್ಡ ಪೀಠಕ್ಕೆ ಒಪ್ಪಿಸಿದುದೂ, 2023ರಲ್ಲಿ ಬೋಹರಾ ಬಹಿಷ್ಕಾರದ ಪ್ರಶ್ನೆಯನ್ನು ಅದೇ ಕಡೆಗೆ ಕಳಿಸಿದುದೂ ವಾಚಕರಿಗೆ ತಿಳಿದ ಸಂಗತಿಗಳು.

ಇದುವರೆಗೆ ನಾವು ನೋಡಿದ್ದು ಬಾಗಿಲಿನ ಮಾತು. ಇನ್ನು ಭಾವನೆಯ ಮಾತು. ಮೂಲ್ಕಿಯ ಧರ್ಮದರ್ಶಿಗಳಿಗೂ ಮನನೊಂದಿರಲಿಲ್ಲವೆ? ಪರಂಪರೆಯಿಂದ ಬಂದ ಮಡಿಯನ್ನು ಕಾನೂನು ಕದಡಿತೆಂದು ಅವರು ನಿಜವಾಗಿಯೂ ಸಂಕಟಪಟ್ಟಿರಬೇಕು. ಆ ಸಂಕಟವನ್ನು ತೂಗಿ ನೋಡಿ ತೀರ್ಪು ಕೊಡುವುದಾಗಿದ್ದರೆ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಸಮಾನತೆಯ ಕಾನೂನು ನೊಂದ ಭಾವನೆಗಳಿಗೆ ಕಿವಿಗೊಡುವುದಿಲ್ಲ. ಹಾಗೆ ಕಿವಿಗೊಡದಿರುವುದೇ ಅದರ ಬಲ. ವಾಕ್ಕಿಗೆ ಸಂಬಂಧಿಸಿದ ಕಾನೂನಿನ ಕಡೆಗೆ ತಿರುಗಿದೊಡನೆ ಪರಿಸ್ಥಿತಿ ತಲೆಕೆಳಗಾಗುತ್ತದೆ. ಅಲ್ಲಿ ಭಾವನೆಯೇ ಪ್ರಮಾಣ.

ಈ ಕಾನೂನಿನ ಜನ್ಮವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮಹಮ್ಮದ್ ಪೈಗಂಬರರ ಜೀವನವನ್ನು ಲೇವಡಿಮಾಡಿದ ಒಂದು ಪುಸ್ತಕವನ್ನು ಪ್ರಕಟಿಸಿದ ಲಾಹೋರಿನ ರಾಜಪಾಲ್ ಎಂಬವರ ಮೇಲೆ ನಡೆದ ಮೊಕದ್ದಮೆಯಲ್ಲಿ, ಲಾಹೋರ್ ಹೈಕೋರ್ಟು 1927ರಲ್ಲಿ ಅವರನ್ನು ಬಿಡುಗಡೆ ಮಾಡಿತು. ಆಗ ಇದ್ದ ದಂಡಸಂಹಿತೆಯ 153ಎ ಪ್ರಕರಣವು ಜನವರ್ಗಗಳ ನಡುವೆ ವೈರವನ್ನು ಹುಟ್ಟಿಸುವವರನ್ನು ದಂಡಿಸತಕ್ಕದ್ದೇ ಹೊರತು, ಗತಿಸಿಹೋದ ಧರ್ಮಗುರುವಿನ ನಿಂದೆಗೆ ಅನ್ವಯಿಸತಕ್ಕದ್ದಲ್ಲವೆಂದು ಆ ನ್ಯಾಯಾಲಯ ಹೇಳಿತು. ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಅದೇ ವರ್ಷ ಶಾಸನಸಭೆಯು 295ಎ ಎಂಬ ಹೊಸ ಪ್ರಕರಣವನ್ನು ಸೇರಿಸಿತು. ರಾಜಪಾಲರು 1929ರಲ್ಲಿ ಕೊಲೆಯಾದರು. ಹೊಸ ಪ್ರಕರಣವನ್ನು ಪರಿಶೀಲಿಸಿದ ಸಭಾಸಮಿತಿಗೆ ಒಂದು ವಿವೇಕವಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಸಮಾಜಸುಧಾರಣೆಯ ಸದುದ್ದೇಶದಿಂದ, ಜನರ ಗಮನವನ್ನು ಸೆಳೆಯುವುದಕ್ಕಾಗಿಯೇ ತನ್ನ ಧರ್ಮದವರಿಗೆ ಆಘಾತವಾಗುವಂತೆ ಬರೆಯುವ ಲೇಖಕನೊಬ್ಬನು ಇರಬಹುದು, ಅವನು ಈ ಬಲೆಗೆ ಬೀಳಬಾರದು ಎಂಬ ವಾದವು ಸಮಿತಿಯ ಮನಸ್ಸನ್ನು ತಾಗಿತು. ‘ಉದ್ದೇಶಪೂರ್ವಕವಾದ ಮತ್ತು ದ್ವೇಷಬುದ್ಧಿಯಿಂದ ಕೂಡಿದ’ ಎಂಬ ವಿಶೇಷಣಗಳು ಪ್ರಕರಣದಲ್ಲಿ ಒಟ್ಟಿಗೆ ನಿಂತಿರುವುದರ ಹಿನ್ನೆಲೆ ಇದು. 1957ರ ಏಪ್ರಿಲಿನಲ್ಲಿ, ಎಂದರೆ ಮೂಲ್ಕಿಯ ತೀರ್ಪಿಗೆ ಏಳು ತಿಂಗಳು ಮುಂಚೆ, ರಾಮಜಿಲಾಲ್ ಮೋದಿ ಎಂಬ ಪತ್ರಿಕಾಸಂಪಾದಕರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ಎತ್ತಿಹಿಡಿದಾಗಲೂ ಆಧಾರವಾಗಿ ಹೇಳಿದ್ದು ಈ ವಿಶೇಷಣಗಳನ್ನೇ: ಅಜಾಗ್ರತೆಯಿಂದಲೋ ದ್ವೇಷವಿಲ್ಲದೆಯೋ ಆದ ಅವಹೇಳನವನ್ನು ಕಾನೂನು ಮುಟ್ಟುವುದಿಲ್ಲ, ಅದರ ಉಗ್ರರೂಪವನ್ನು ಮಾತ್ರ ಮುಟ್ಟುತ್ತದೆ, ಆದುದರಿಂದ ಸಂವಿಧಾನಕ್ಕೆ ವಿರುದ್ಧವಲ್ಲ.

ಕಾಗದದ ಮೇಲೆ ಕಾವಲು ಭದ್ರವಾಗಿಯೇ ಇತ್ತು. ಅದನ್ನು ಬಳಸಿಕೊಂಡು ಹೋಗುವ ಓಣಿಯೊಂದು ದಂಡಪ್ರಕ್ರಿಯಾ ಸಂಹಿತೆಯಲ್ಲಿತ್ತು. ಅದರ 95ನೆಯ ಪ್ರಕರಣದ ಪ್ರಕಾರ, ಒಂದು ಪುಸ್ತಕದಲ್ಲಿ 295ಎ ಮೊದಲಾದ ಪ್ರಕರಣಗಳಿಗೆ ಒಳಪಡುವ ವಿಷಯವಿದೆಯೆಂದು ಸರ್ಕಾರಕ್ಕೆ ‘ತೋರಿದರೆ’ ಸಾಕು, ಕಾರಣಗಳನ್ನು ಹೇಳಿ ಪ್ರತಿಗಳನ್ನೆಲ್ಲ ಮುಟ್ಟುಗೋಲು ಹಾಕಿಕೊಳ್ಳಬಹುದು. ಆಕ್ಷೇಪಿಸುವವರು ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬೇಕು. ‘ಧರ್ಮಕಾರಣ’ ಈ ಓಣಿಯಲ್ಲಿ ಸಿಕ್ಕಿಕೊಂಡಿತು.

ಬಸವಣ್ಣನವರ ಜೀವನವನ್ನು ವಸ್ತುವಾಗುಳ್ಳ ಈ ಕಾದಂಬರಿ 1995ರಲ್ಲಿ ಪ್ರಕಟವಾಯಿತು. ಚನ್ನಬಸವಣ್ಣನವರ ಜನನವನ್ನೂ ಅವರ ತಾಯಿ, ಬಸವಣ್ಣನವರ ಅಕ್ಕ, ನಾಗಲಾಂಬಿಕೆಯವರನ್ನೂ ಕುರಿತ ಭಾಗವು ಭಕ್ತರನ್ನು ನೋಯಿಸಿತು. ಪ್ರತಿಭಟನೆಗಳಾದವು, ಸರ್ಕಾರವು ಮುಟ್ಟುಗೋಲಿನ ಆಜ್ಞೆಯನ್ನು ಹೊರಡಿಸಿತು. ಬರಗೂರು ರಾಮಚಂದ್ರಪ್ಪ ಮೊದಲಾದವರು ಅದನ್ನು ಪ್ರಶ್ನಿಸಿದರು. ಹೈಕೋರ್ಟಿನಲ್ಲಿ ಸೋಲಾಯಿತು, 2007ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿಯೂ ಸೋಲಾಯಿತು. ಕಾದಂಬರಿಯ ಆ ಭಾಗವನ್ನು ನಾವು ಇಲ್ಲಿ ಉದ್ಧರಿಸಹೋಗುವುದಿಲ್ಲ. ಅದರ ಸಾಹಿತ್ಯಗುಣವನ್ನು ಕುರಿತೂ ಏನನ್ನೂ ಹೇಳುವುದಿಲ್ಲ. ಕೃತಿ ಉತ್ತಮವಾದುದಾಗಿರಲಿ ಅಧಮವಾದುದಾಗಿರಲಿ, ಪ್ರಕೃತ ಪ್ರಶ್ನೆಯ ಸ್ವರೂಪ ಬದಲಾಗುವುದಿಲ್ಲ. ನಮ್ಮ ವಿಮರ್ಶೆ ತೀರ್ಪಿಗೆ ಸಂಬಂಧಿಸಿದ್ದು.

ತೀರ್ಪಿನ ವಾದಸರಣಿಯಲ್ಲಿ ಎರಡು ಕೀಲುಗಳಿವೆ. ಮೊದಲನೆಯದು: ಮುಟ್ಟುಗೋಲಿನ ಪ್ರಕ್ರಿಯೆಯಲ್ಲಿ ಅಪರಾಧದ ಎಲ್ಲ ಅಂಗಗಳೂ, ಮುಖ್ಯವಾಗಿ ಲೇಖಕನ ದ್ವೇಷಬುದ್ಧಿಯು, ರುಜುವಾತಾಗಬೇಕಾಗಿಲ್ಲ; ಸರ್ಕಾರಕ್ಕೆ ಹಾಗೆ ತೋರಿದರೆ ಸಾಕು; ಆ ತೋರಿಕೆಯನ್ನು ಸುಳ್ಳೆಂದು ತೋರಿಸುವ ಹೊಣೆ ಅರ್ಜಿದಾರನದು. ಎರಡನೆಯದು: ಬರೆದುದಕ್ಕೆ ಚಾರಿತ್ರಿಕ ಆಧಾರವಿದೆಯೆಂಬುದೊಂದೇ ಸಂಪೂರ್ಣ ಸಮರ್ಥನೆಯಾಗಲಾರದು. ಇವೆರಡಕ್ಕೂ ಹಿಂದಿನ ತೀರ್ಪುಗಳ ಬೆಂಬಲವಿದೆ. ಪೀಠವು ಕಾನೂನನ್ನು ತಪ್ಪಾಗಿ ಓದಿತೆಂದು ಹೇಳುವ ಧೈರ್ಯ ನಮಗಿಲ್ಲ. ಆದರೆ ಎರಡನ್ನೂ ಕೂಡಿಸಿ ನೋಡಿದಾಗ ಫಲವೇನಾಯಿತು? 1927ರ ಸಮಿತಿಯು ಯಾರನ್ನು ಉಳಿಸುವುದಕ್ಕಾಗಿ ಆ ವಿಶೇಷಣಗಳನ್ನು ಕಾವಲಿಟ್ಟಿತೋ, ಆ ಲೇಖಕನ ಪುಸ್ತಕವನ್ನು ಆ ಕಾವಲನ್ನು ದಾಟದೆಯೇ ಹಿಡಿದುಬಿಡಬಹುದೆಂದಾಯಿತು. ಲೇಖಕನನ್ನು ಜೈಲಿಗೆ ಹಾಕಬೇಕಾದರೆ ದ್ವೇಷವನ್ನು ರುಜುವಾತುಪಡಿಸಬೇಕು. ಪುಸ್ತಕವನ್ನು ಜೈಲಿಗೆ ಹಾಕಬೇಕಾದರೆ ತೋರಿಕೆ ಸಾಕು.

ಮೂಲ್ಕಿಯ ಪೀಠವು ಕೇಳಿದ ಪ್ರಶ್ನೆಯನ್ನು ಇಲ್ಲಿಯೂ ಕೇಳಬಹುದಾಗಿತ್ತೆಂಬುದು ನಮ್ಮ ಮುಖ್ಯ ಆಕ್ಷೇಪಣೆ. ಈ ಬರೆಹದಿಂದ ಯಾರು ಏನನ್ನು ಕಳೆದುಕೊಳ್ಳುತ್ತಾರೆ? ಇದನ್ನು ಓದಿದ ಕಾರಣದಿಂದ ಲಿಂಗಾಯತನೊಬ್ಬನಿಗೆ ಬಾಡಿಗೆಯ ಮನೆ, ಶಾಲೆ, ನೌಕರಿ, ನೀರು ತಪ್ಪುವ ಸಂಭವವಿತ್ತೆ? ಅವನ ಪೂಜೆಗೆ ತಡೆಯಿತ್ತೆ? ಅವನನ್ನು ನೆರೆಹೊರೆಯವರು ಹೇಯವಾಗಿ ಕಾಣುವಂತೆ ಮಾಡುವ ಪ್ರೇರಣೆ ಅದರಲ್ಲಿತ್ತೆ? ಇದ್ದಿದ್ದರೆ ಮುಟ್ಟುಗೋಲಿನ ಪರವಾಗಿ ನಾವೂ ಮಾತನಾಡಬಹುದಾಗಿತ್ತು. ಆದರೆ ವಿವಾದವಿದ್ದದ್ದು ಎಂಟು ಶತಮಾನಗಳ ಹಿಂದಿನ ಒಂದು ಜನನದ ಬಗ್ಗೆ. ಆ ವಿಷಯದಲ್ಲಿ ನಮ್ಮ ಪುರಾಣಗಳೂ ಸಂಶೋಧಕರೂ ಒಂದೇ ಮಾತನ್ನು ಆಡಿಲ್ಲ. ಎಂ. ಎಂ. ಕಲಬುರ್ಗಿಯವರು ‘ಮಾರ್ಗ’ದ ಲೇಖನಗಳಲ್ಲಿ ಬಸವಣ್ಣನವರ ಕುಟುಂಬಕ್ಕೆ ಸೇರಿದ ಇಂಥವೇ ಪ್ರಶ್ನೆಗಳನ್ನು ಎತ್ತಿ, 1989ರಲ್ಲಿ ತಮ್ಮದೇ ಸಮುದಾಯದ ಒತ್ತಡಕ್ಕೆ ಸಿಕ್ಕಿ ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಅವರ ಕೊಲೆಯಾಯಿತು. ಆ ಕೊಲೆಗೂ ಈ ಲೇಖನಗಳಿಗೂ ಸಂಬಂಧವಿತ್ತೆಂದು ನಾವು ಹೇಳುತ್ತಿಲ್ಲ. 1989ರಲ್ಲಿ ಅವರ ಮೇಲೆ ಬಂದ ಒತ್ತಡದಲ್ಲಿ ಹೊರಗಿನ ವೈರಿಯೊಬ್ಬನು ಇರಲಿಲ್ಲ, ಒಳಗಿನವನನ್ನು ಒಳಗಿನವರೇ ತಡೆದರು ಎಂಬುದಷ್ಟನ್ನೇ ಗಮನಿಸಬೇಕು. ‘ಭಾವನೆ’ಯ ಕಾನೂನು ಅಲ್ಪಸಂಖ್ಯಾತನನ್ನು ಬಹುಸಂಖ್ಯಾತನಿಂದ ಕಾಯುವ ಹೊದಿಕೆಯೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಸಮುದಾಯದ ಒಳಗೆ ಅದು ಭಿನ್ನಮತೀಯನ ವಿರುದ್ಧ ಬಹುಮತದ ಕೈಯ ಕೋಲಾಗಿಯೂ ಕೆಲಸಮಾಡುತ್ತದೆ. ಬೋಹರಾ ಮೊಕದ್ದಮೆಯಲ್ಲಿ ಸಿನ್ಹಾ ಅವರಿಗೆ ಕಂಡ ಮನುಷ್ಯನೇ ಇಲ್ಲಿಯೂ ಬೇರೆ ವೇಷದಲ್ಲಿ ನಿಂತಿದ್ದಾನೆ.

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬಲ್ಲವರಿಗೆ ಈ ಭೇದ ಹೊಸದಾಗಿ ಕಾಣಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಜೈನಕವಿ ಬ್ರಹ್ಮಶಿವನು ‘ಸಮಯಪರೀಕ್ಷೆ’ಯಲ್ಲಿ ಅನ್ಯಮತಗಳ ದೇವತೆಗಳನ್ನೂ ಆಚಾರಗಳನ್ನೂ ಪುರಾಣಗಳನ್ನೂ ಹಳಿದಷ್ಟು ಕಟುವಾಗಿ ಬರೆದವರು ವಿರಳ. ವಚನಕಾರರು ಗುಡಿಯನ್ನೂ ಯಜ್ಞವನ್ನೂ ಜಾತಿಯನ್ನೂ ಕುರಿತು ಆಡಿದ ಮಾತುಗಳು ಅಂದಿನ ಎಷ್ಟು ಜನರ ಮನಸ್ಸನ್ನು ನೋಯಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಅವರ ಭಕ್ತರೇ ಇಂದು ಭಾವನೆಯ ಕಾನೂನಿಗೆ ಶರಣುಹೋಗುವುದರಲ್ಲಿರುವ ವೈಚಿತ್ರ್ಯವನ್ನು ನಾವು ಎತ್ತಿ ತೋರಿಸಬೇಕಾಗಿಲ್ಲ.

ಇನ್ನೊಂದು ಕಡೆ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನವಿದೆ. ಏಕಾಂತದ ರಾಮಯ್ಯನು ಜೈನರೊಡನೆ ಪಣವೊಡ್ಡಿ, ತಲೆಯನ್ನು ಅರಿದಿಟ್ಟು ಮರಳಿ ಪಡೆದು, ಜಿನಪ್ರತಿಮೆಯನ್ನು ಒಡೆದನೆಂದೂ, ಬಿಜ್ಜಳನಿಂದ ಜಯಪತ್ರವನ್ನು ಪಡೆದನೆಂದೂ ಅದು ಹೇಳುತ್ತದೆ. ಪವಾಡದ ಭಾಗವನ್ನು ಬಿಟ್ಟರೂ, ಒಂದು ಊರಿನ ಜೈನರು ತಮ್ಮ ಪೂಜಾಸ್ಥಾನವನ್ನು ಕಳೆದುಕೊಂಡರೆಂಬುದು ಉಳಿಯುತ್ತದೆ. ಬ್ರಹ್ಮಶಿವನ ಬೈಗುಳದಿಂದ ಶೈವನೊಬ್ಬನ ಗುಡಿಯೂ ಹೋಗಲಿಲ್ಲ. ಅಬ್ಬಲೂರಿನಲ್ಲಿ ಹೋದದ್ದು ಗುಡಿಯೇ. ಎರಡನ್ನೂ ‘ಮತದ್ವೇಷ’ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಬರೆಯುವ ನಮ್ಮ ಸಾಹಿತ್ಯಚರಿತ್ರೆಗಳ ವಾಡಿಕೆಯನ್ನು ತಿದ್ದಿಕೊಳ್ಳಬೇಕು.

ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನವು ಈ ಸಂದರ್ಭದಲ್ಲಿ ಹೆಚ್ಚು ಬೆಳಕನ್ನು ಕೊಡುತ್ತದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ನಾಡಿನ ಜೈನರು ದೊರೆಗೆ ದೂರು ಕೊಟ್ಟಾಗ, ಅವನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಇದನ್ನು ಮತಸಾಮರಸ್ಯದ ನಿದರ್ಶನವೆಂದು ಎಲ್ಲರೂ ಉದಾಹರಿಸುತ್ತಾರೆ. ಆದರೆ ಶಾಸನವು ಕಾಪಾಡಿದ್ದು ಏನನ್ನು ಎಂಬುದನ್ನು ನೋಡಬೇಕು: ಜೈನರಿಗೆ ಹಿಂದಿನಿಂದ ಬಂದ ಪಂಚಮಹಾವಾದ್ಯಗಳೂ ಕಲಶವೂ ಸಲ್ಲಬೇಕು, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಮಂದಿಯನ್ನು ನೇಮಿಸಬೇಕು, ಉಳಿದ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ವಾದ್ಯ, ಕಲಶ, ಕಾವಲು, ಸುಣ್ಣ: ಇವು ಬೀದಿಯಲ್ಲಿ ಎಲ್ಲರ ಕಣ್ಣಿಗೂ ಕಾಣುವ ಸ್ಥಾನಮಾನಗಳು. ಯಾರು ಯಾರ ದೇವರನ್ನು ಬಯ್ಯಬಾರದೆಂಬ ಕಟ್ಟಳೆಯನ್ನು ದೊರೆ ಮುಖ್ಯವೆಂದು ಎಣಿಸಲಿಲ್ಲ. (ಕಾವಲಿನವರ ವೆಚ್ಚಕ್ಕೆ ಜೈನರೇ ಮನೆಗೊಂದು ಹಣದಂತೆ ಕೊಡಬೇಕಾಗಿತ್ತು. ರಕ್ಷಣೆಯ ಬೆಲೆಯನ್ನು ರಕ್ಷಿತರಿಂದಲೇ ವಸೂಲುಮಾಡುವ ಪದ್ಧತಿ ಹಳೆಯದು.)

ನಮ್ಮ ಮಾತಿಗೆ ಒಂದು ಗಟ್ಟಿಯಾದ ಪ್ರತಿವಾದವುಂಟು. ಅದನ್ನು ಮರೆಮಾಚುವುದು ಸರಿಯಲ್ಲ. ಮನುಷ್ಯನನ್ನೂ ಅವನ ಶ್ರದ್ಧೆಯನ್ನೂ ಹೀಗೆ ಬೇರ್ಪಡಿಸುವುದು ಪುಸ್ತಕದ ಪಾಂಡಿತ್ಯ. ಭಕ್ತನಿಗೆ ಗುರುನಿಂದೆಯೇ ಆತ್ಮನಿಂದೆ. ಇಂದು ಗುರುವನ್ನು ಬಯ್ದವನು ನಾಳೆ ಶಿಷ್ಯನನ್ನು ಬಡಿಯುತ್ತಾನೆ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವಿದೆ. ಒಂದು ಧರ್ಮದ ಪೂಜ್ಯರನ್ನು ಹಳಿಯುವ ನೆಪದಲ್ಲಿ ಆ ಧರ್ಮದ ಜನರನ್ನೇ ಊರಿನಿಂದ ಓಡಿಸುವ ಹುನ್ನಾರಗಳನ್ನು ನಮ್ಮ ಕಾಲ ಸಾಕಷ್ಟು ಕಂಡಿದೆ. ಅಂಥ ಕಡೆ ನೆಪವನ್ನು ಹರಿದು ಒಳಗಿರುವುದನ್ನು ನೋಡುವುದೇ ನ್ಯಾಯಾಲಯದ ಕೆಲಸ. ಹೇಳಿದವನು ಯಾರು, ಅವನಿಗಿರುವ ಪ್ರಭಾವವೆಷ್ಟು, ಯಾರನ್ನು ಕುರಿತು ಹೇಳಿದನು, ಯಾವ ಸನ್ನಿವೇಶದಲ್ಲಿ ಹೇಳಿದನು ಎಂಬುದನ್ನೆಲ್ಲ ನೋಡಬೇಕೆಂದು, ಗುರಿಯಾದ ಜನರ ಘನತೆಯನ್ನು ಮುಂದಿಟ್ಟುಕೊಂಡು, ಸರ್ವೋಚ್ಚ ನ್ಯಾಯಾಲಯವೇ 2020ರ ಅಮೀಶ್ ದೇವಗನ್ ಮೊಕದ್ದಮೆಯಲ್ಲಿ ವಿಸ್ತಾರವಾಗಿ ವಿವೇಚಿಸಿದೆ. ‘ಧರ್ಮಕಾರಣ’ವನ್ನು ಈ ಅಳತೆಯಿಂದ ಅಳೆದಿದ್ದರೆ ನಿರ್ಣಯ ಬೇರೆಯಾಗುತ್ತಿತ್ತೆಂದು ನಾವು ನಂಬುತ್ತೇವೆ.

ಈ ಬೇರ್ಪಡಿಸುವಿಕೆ ಕಾರ್ಯಸಾಧ್ಯವೇ ಎಂಬ ಸಂದೇಹವುಳ್ಳವರು ಕೆನಡಾ ದೇಶದ ಒಂದು ತೀರ್ಪನ್ನು ನೋಡಬಹುದು. ಅಲ್ಲಿ ಸಂಘರ್ಷವು ನಮ್ಮಲ್ಲಿಗಿಂತ ತಿರುವುಮುರುವಾದದ್ದು: ಧರ್ಮವನ್ನು ನಿಂದಿಸಿದವನಲ್ಲ, ಧರ್ಮದ ಹೆಸರಿನಲ್ಲಿ ಇತರರನ್ನು ನಿಂದಿಸಿದವನು ಆರೋಪಿ. ಸಸ್ಕಾಚೆವಾನ್ ಪ್ರಾಂತದಲ್ಲಿ ವಾಟ್‌ಕಾಟ್ ಎಂಬ ಕ್ರೈಸ್ತ ಪ್ರಚಾರಕರು ಸಲಿಂಗಪ್ರೇಮಿಗಳ ವಿರುದ್ಧ ಕರಪತ್ರಗಳನ್ನು ಹಂಚಿ, ಅದು ತಮ್ಮ ಧರ್ಮಸ್ವಾತಂತ್ರ್ಯವೆಂದು ವಾದಿಸಿದರು. 2013ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು ದ್ವೇಷವನ್ನು ಪ್ರಚೋದಿಸುವ ಮಾತಿನ ನಿಷೇಧವನ್ನು ಎತ್ತಿಹಿಡಿಯಿತು. ಆದರೆ ಹಾಸ್ಯಮಾಡುವ, ಕೀಳುಗಳೆಯುವ, ಘನತೆಗೆ ಕುಂದು ತರುವ ಮಾತುಗಳನ್ನೂ ನಿಷೇಧಿಸಿದ್ದ ಶಬ್ದಗಳನ್ನು ಕಾನೂನಿನಿಂದ ಕಿತ್ತುಹಾಕಿತು. ಮುಂದಿದ್ದ ನಾಲ್ಕು ಕರಪತ್ರಗಳಲ್ಲಿ ಎರಡು ಮಾತ್ರ ಕಾನೂನನ್ನು ಮೀರಿದವೆಂದೂ ಉಳಿದೆರಡು ಮೀರಿಲ್ಲವೆಂದೂ ನಿರ್ಣಯವಾಯಿತು. ಒಂದೇ ಕೈ ಹಂಚಿದ ಕರಪತ್ರಗಳನ್ನು ಹೀಗೆ ಎರಡೆರಡಾಗಿ ವಿಂಗಡಿಸುವುದು ನ್ಯಾಯಾಧೀಶರಿಗೆ ಸಾಧ್ಯವಾದ ಕೆಲಸವೆಂಬುದು ಇದರಿಂದ ಗೊತ್ತಾಗುತ್ತದೆ. ಶ್ರದ್ಧೆ ಪ್ರಾಮಾಣಿಕವಾದುದೆಂದು ಒಪ್ಪಿಕೊಂಡೇ ಅದಕ್ಕೆ ಎಲ್ಲೆ ಹಾಕಿದ ಮೂಲ್ಕಿಯ ಪೀಠದ ಕ್ರಮವನ್ನು ಇದು ನೆನಪಿಗೆ ತರುತ್ತದೆ. ಆ ದೇಶದ ಕಾನೂನು ನಮಗೆ ಮಾದರಿಯಾಗಬೇಕೆಂದು ಇದರ ಅರ್ಥವಲ್ಲ. ಅಲ್ಲಿನ ಗಲಭೆಗಳ ಇತಿಹಾಸ ನಮ್ಮದರಂತಿಲ್ಲ.

2024ನೆಯ ಜುಲೈ 1ರಿಂದ ಹಳೆಯ ಸಂಹಿತೆಗಳ ಸ್ಥಾನದಲ್ಲಿ ಹೊಸವು ಬಂದಿವೆ. 295ಎ ಪ್ರಕರಣವು ಭಾರತೀಯ ನ್ಯಾಯ ಸಂಹಿತೆಯ 299ನೆಯದಾಗಿದೆ; ಮುಟ್ಟುಗೋಲಿನ 95ನೆಯ ಪ್ರಕರಣವು ನಾಗರಿಕ ಸುರಕ್ಷಾ ಸಂಹಿತೆಯ 98ನೆಯದಾಗಿದೆ. ವಿದ್ಯುನ್ಮಾನ ಸಾಧನಗಳ ಉಲ್ಲೇಖವೊಂದು ಸೇರಿದುದನ್ನು ಬಿಟ್ಟರೆ ಭಾವನೆಗಳನ್ನು ಕುರಿತ ಪ್ರಕರಣದ ಮಾತು ಬಹುಮಟ್ಟಿಗೆ 1927ರದೇ. ‘ತೋರಿದರೆ ಸಾಕು’ ಎಂಬ ಓಣಿಯೂ ಹಾಗೆಯೇ ಇದೆ. ಆ ಪ್ರಕರಣದಲ್ಲಿ, ದ್ವೇಷಬುದ್ಧಿಯು ಮೇಲುನೋಟಕ್ಕಾದರೂ ಸಿದ್ಧವಾಗದೆ ಗ್ರಂಥವನ್ನು ಮುಟ್ಟತಕ್ಕದ್ದಲ್ಲವೆಂಬ ಒಂದು ವಾಕ್ಯವನ್ನು ಸೇರಿಸುವ ಅವಕಾಶವನ್ನು ಶಾಸನಕರ್ತರು ಕಳೆದುಕೊಂಡರು. ಶಾಸನಸಭೆ ಬಿಟ್ಟುದನ್ನು ಅರ್ಥವಿವರಣೆಯ ಮೂಲಕ ತುಂಬುವ ಕೆಲಸ ಮುಂದೆ ಯಾವುದಾದರೊಂದು ಪೀಠದ ಪಾಲಿಗೆ ಬರಬಹುದು. ಪಂಥದ ಹಕ್ಕನ್ನು ಪಕ್ಕದ ವಿಧಿಗೆ ‘ಒಳಪಟ್ಟ’ದ್ದೆಂದು ಓದಿದ ವೆಂಕಟರಾಮ ಅಯ್ಯರ್ ಅವರ ರೀತಿ ಆ ಪೀಠಕ್ಕೆ ಉಪಯೋಗಕ್ಕೆ ಬಂದೀತು.